ಬೆನ್ನ ಹಿಂದಿನ ದನಿ

ಚೌಡಕ್ಕನ ಮುಖಕ್ಕಿಂತ ಬೆನ್ನನ್ನೇ ನಾನು ಹೆಚ್ಚು ನೋಡಿದವನು. ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಟೀವಿಗೆ ಬೆನ್ನು ಹಾಕಿ ಟೀವಿ ನೋಡುತ್ತಿದ್ದವಳು ಅವಳೊಬ್ಬಳೇ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಹಾಗೆ. ಅವಳ ಮಗ್ಗ ಕಿಟಕಿಯ ಕಡೆಗಿತ್ತು. ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಬೆಳಗಿನಿಂದ ಸಂಜೆಯವರೆಗೆ ಲಾಳಿ ಓಡಿಸುತ್ತಿದ್ದಳು. ಟೀವಿ ಅವಳ ಹಿಂದೆ, ಅಕ್ಕಿ ಡಬ್ಬದ ಮೇಲೆ ಕೂತು ತನ್ನ ಪಾಡಿಗೆ ಮಾತಾಡುತ್ತಿತ್ತು. ಅದನ್ನು ಎದುರಿಗೆ ತಂದು ಇಡುತ್ತೇನೆ ಅಂತ ಒಂದು ಸಲ ಹೇಳಿದ್ದೆ.

"ಯಾಕ್ಲಾ ಮಾದೇಸ? ಅದ್ನ ನೋಡ್ತಾ ಕೂತ್ರೆ ನೂಲು ಕಿತ್ತೋಯ್ತದೆ. ಕಣ್ಣಿಗೆ ಕೆಲ್ಸ ಐತೆ. ಕಿವಿ ಸುಮ್ಮಾ ತಾನೆ ಐತೆ" ಅಂದಳು.

ನಾನು ಆ ಬೀದಿಯ ಕೇಬಲ್ ಆಪರೇಟರ್. ನಮ್ಮದೂ ನೇಯುವ ಮನೆಯೇ, ಆದರೆ ನನ್ನ ಕೈಗೆ ಲಾಳಿ ಒಗ್ಗಲಿಲ್ಲ, ವೈರು ಒಗ್ಗಿತು. ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರವನ್ನು ಅಪ್ಪ ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ ಕಲಿಸಿದ್ದರು. ಬೀದಿಯ ಉಳಿದವರಿಗೆ ಕನ್ನಡ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಬರಬರುತ್ತ ಹುಡುಗರ ಬಾಯಿಂದಲೂ ಹೋಯಿತು.

ಚೌಡಕ್ಕ ನನಗಿಂತ ಹದಿನೈದು ವರ್ಷ ದೊಡ್ಡವಳು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಅಂತ ಬೀದಿಯಲ್ಲಿ ನಾಲ್ಕು ಕತೆಗಳಿದ್ದವು, ಅವಳು ಅದರಲ್ಲಿ ಒಂದನ್ನೂ ಒಪ್ಪಿಕೊಂಡವಳಲ್ಲ. ತಂದೆ ತೀರಿಕೊಂಡ ಮೇಲೆ ಒಂದು ಬಾಡಿಗೆ ಕೋಣೆ, ಒಂದು ಮಗ್ಗ, ಒಂದು ಟೀವಿ. ಅವಳ ತಂಗಿ ಮುನಿಯಮ್ಮ ಧರ್ಮಪುರಿಯಲ್ಲಿದ್ದಳು. ಹಬ್ಬಕ್ಕೆ ಕರೆದರೂ ಚೌಡಕ್ಕ ಹೋಗುತ್ತಿರಲಿಲ್ಲ. ಪಾವು, ಅಂದರೆ ಹಾಸುನೂಲು, ಮಗ್ಗದ ಮೇಲಿದೆ ಅನ್ನುವುದು ಅವಳ ಸದಾಕಾಲದ ನೆವ.

ಅವಳ ಕಿವಿಯ ಬಗ್ಗೆ ಹೇಳಬೇಕು. ಯಾವ ಚಾನಲ್ ಹಾಕಿದರೂ, ಅದರಲ್ಲಿ ಯಾರೂ ಮಾತಾಡದೆ ಇದ್ದರೂ, ಹಿಂದೆ ತಿರುಗದೆ ಹೆಸರು ಹೇಳುತ್ತಿದ್ದಳು. ಒಮ್ಮೆ ಬೀದಿಯ ನಾಲ್ಕೈದು ಜನ ಸೇರಿ ಪರೀಕ್ಷೆ ಮಾಡಿದೆವು. ನಾನು ರಿಮೋಟ್ ಒತ್ತುತ್ತ ಹೋದೆ, ಅವಳು ಲಾಳಿ ನಿಲ್ಲಿಸದೆ ಹೇಳುತ್ತ ಹೋದಳು. ಒಂದರಲ್ಲಿ ಅಳುವುದಕ್ಕೆ ಮುಂಚೆ ಕೊಳಲು ಬರುತ್ತದಂತೆ. ಇನ್ನೊಂದರಲ್ಲಿ ಕೆನ್ನೆಗೆ ಹೊಡೆದರೆ ಮೂರು ಸಲ ಗುಡುಗುತ್ತದಂತೆ. ಮತ್ತೊಂದು ತಮಿಳು ಚಾನಲಿನಲ್ಲಿ ಹೆಂಗಸರು ಎಷ್ಟೇ ಕಷ್ಟದಲ್ಲಿರಲಿ, ಬಳೆಯ ಸದ್ದು ಕೇಳಲೇಬೇಕಂತೆ. ಒಂದೂ ತಪ್ಪಲಿಲ್ಲ. ಪರೀಕ್ಷೆ ಮಾಡಲು ಹೋದ ನಾವೇ ಪೆಚ್ಚಾಗಿ ಬಂದೆವು.

ಆದರೆ ಅವಳು ದಿನವಿಡೀ ಹಾಕಿಕೊಳ್ಳುತ್ತಿದ್ದದ್ದು ಒಂದೇ ಒಂದು ಕನ್ನಡ ಚಾನಲ್. ಧಾರಾವಾಹಿಗಳಿಗಾಗಿ ಅಲ್ಲ. ಆ ಅತ್ತೆ ಸೊಸೆಯರ ಮೇಲೆ ಅವಳಿಗೆ ಅಂಥ ಮರ್ಯಾದೆಯೇನೂ ಇರಲಿಲ್ಲ. ಆ ಚಾನಲಿನಲ್ಲಿ ಜಾಹೀರಾತಿಗೆ ಮುಂಚೆ ಒಬ್ಬ ಹೆಂಗಸಿನ ದನಿ ಬರುತ್ತಿತ್ತು. ಮುಖ ಕಾಣಿಸುತ್ತಿರಲಿಲ್ಲ, ದನಿ ಮಾತ್ರ. "ಎಲ್ಲೂ ಹೋಗಬೇಡಿ, ನಮ್ಮ ಜೊತೆಯಲ್ಲೇ ಇರಿ" ಅನ್ನುತ್ತಿತ್ತು. ಚೌಡಕ್ಕ ಮಗ್ಗದ ಮೇಲಿಂದಲೇ ಉತ್ತರ ಕೊಡುತ್ತಿದ್ದಳು.

"ಎಲ್ಲಿಗೋಗ್ಲವ್ವಾ. ಇಲ್ಲೇ ಇವ್ನಿ."

ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಆಮೇಲೆ ಬರಲಿಲ್ಲ. ಗಂಟೆಗೆ ನಾಲ್ಕು ಸಲ ಆ ದನಿ ಕೇಳುತ್ತಿತ್ತು, ನಾಲ್ಕು ಸಲವೂ ಇವಳು ಹೇಳುತ್ತಿದ್ದಳು. ಮಾಲು ಕೊಂಡುಹೋಗಲು ಬರುವವರು ತಮಿಳಿನಲ್ಲಿ ಮಾತಾಡಿ ಹೋಗುತ್ತಿದ್ದರು. ಎದುರುಮನೆ ಮಕ್ಕಳೂ ತಮಿಳಿನಲ್ಲೇ "ಎನ್ನಕ್ಕಾ" ಅಂತಷ್ಟೇ ಅಂದು ಓಡುತ್ತಿದ್ದರು. ಎಷ್ಟೋ ದಿನ ಅವಳ ಬಾಯಿಂದ ಹೊರಟ ಕನ್ನಡವೆಂದರೆ ಆ ಎರಡು ಮಾತು ಮಾತ್ರ.

ಅವಳು ನೇಯುತ್ತಿದ್ದದ್ದು ಬಿಳಿಯ ರೇಷ್ಮೆ ವೇಷ್ಟಿ. ಗಂಡಸರು ಮದುವೆಗೆ ಉಡುವ ಪಂಚೆ. ಮೈಯೆಲ್ಲ ಬಿಳಿ, ಮಾತಾಡುವುದು ಅಂಚು ಮಾತ್ರ. ನಮ್ಮ ಬೀದಿಯಲ್ಲಿ ಒಂದು ಪದ್ಧತಿಯಿತ್ತು. ವೇಷ್ಟಿಯ ಕೊನೆಯಲ್ಲಿ ಪ್ರತಿ ಮನೆಯವರೂ ಎರಡು ಮೂರು ಎಳೆ ಬಣ್ಣದ ನೂಲು ಹೊಗಿಸುತ್ತಿದ್ದರು. ಯಾರ ಮಗ್ಗದ್ದು ಅಂತ ಅದರಿಂದ ತಿಳಿಯಬೇಕು. ಚೌಡಕ್ಕನದು ಕೆಂಪು, ಹಸಿರು, ಮತ್ತೆ ಕೆಂಪು. ಆದರೆ ಸ್ವಂತ ಮನೆಯ ಮದುವೆಗೆ ನೇಯ್ದ ಬಟ್ಟೆಗೆ ಈ ಗುರುತು ಹಾಕುತ್ತಿರಲಿಲ್ಲ. ಯಾಕೆ ಅಂತ ನಾನೊಮ್ಮೆ ಕೇಳಿದಾಗ, "ಮನೆ ಜನ್ಕೆ ಗುರ್ತು ಯಾಕ್ಲಾ? ಗೊತ್ತಿಲ್ದೋರ್ಗೆ ತಾನೆ ಗುರ್ತು" ಅಂದಿದ್ದಳು.

ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ನನ್ನ ಕೆಲಸ ಬದಲಾಯಿತು. ಯಾರಿಗೆ ಯಾವ ದುಡ್ಡಿನ ಚಾನಲ್ ಬೇಕೋ ಅವರೇ ಆರಿಸಿ ಹೇಳಬೇಕು. ಬೀದಿಯ ಒಂದೊಂದೇ ಮನೆ ಕನ್ನಡ ಬೇಡ ಅಂದಿತು. ಮಕ್ಕಳಿಗೆ ಅರ್ಥವಾಗುವುದಿಲ್ಲ ಅನ್ನುವುದು ಎಲ್ಲರ ಮಾತು. ನಿಜ ಹೇಳಬೇಕೆಂದರೆ ನನ್ನ ಮನೆಯಲ್ಲೂ ಅದೇ ಆಯಿತು. ಚೌಡಕ್ಕ ಮಾತ್ರ, ಬೇರೆ ಯಾವುದೂ ಬೇಡ, ಅದೊಂದು ಇರಲಿ ಅಂದಳು.

ಅದೇ ಹೊತ್ತಿಗೆ ಚಾನಲಿನ ಒಳಗೂ ಏನೇನೋ ಆಗುತ್ತಿತ್ತು. ಹಿಂದಿಯ ಧಾರಾವಾಹಿಗಳು ಕನ್ನಡದ ಮಾತು ತೊಟ್ಟು ಬರತೊಡಗಿದವು. ಅದೇ ಧಾರಾವಾಹಿ ಪಕ್ಕದ ಚಾನಲಿನಲ್ಲಿ ತಮಿಳಿನಲ್ಲೂ ಬರುತ್ತಿತ್ತು. ಚೌಡಕ್ಕ ತುಟಿ ನೋಡದೆಯೇ ಅದನ್ನು ಹಿಡಿದಳು. "ಈ ಮಾತ್ಗೆ ಉಸ್ರಿಲ್ಲ ಕಣ್ಲಾ" ಅಂದಳು. ಗುಡುಗು, ಕೊಳಲು, ಬಳೆ ಎಲ್ಲವೂ ಎಲ್ಲ ಚಾನಲಿನಲ್ಲೂ ಬರಲು ಶುರುವಾಗಿ ಅವಳ ಪರೀಕ್ಷೆಯ ವಿದ್ಯೆ ಕೆಲಸಕ್ಕೆ ಬಾರದಾಯಿತು. ಪವರ್‌ಲೂಮ್ ಬಂದಾಗ ಎಲ್ಲರ ಅಂಚನ್ನೂ ಎಲ್ಲರೂ ಕದ್ದು ನೇಯ್ದ ಕಾಲ ಅವಳಿಗೆ ನೆನಪಿತ್ತು. ಟೀವಿಗೂ ಅದೇ ಗತಿ ಬಂತಲ್ಲ ಅಂತ ಮರುಗಿದಳು. ಆದರೂ ಆ ಹೆಂಗಸಿನ ದನಿ ಇತ್ತು. ಅದಿರುವವರೆಗೆ ಚಾನಲ್ ಅವಳದೇ.

ಒಂದು ಸೋಮವಾರ ಎಲ್ಲ ಬದಲಾಯಿತು. ಚಾನಲಿನ ಹೆಸರು, ಬಣ್ಣ, ಮೂಲೆಯ ಗುರುತು, ರಾಗ ಎಲ್ಲವೂ. ಕಂಪನಿಯವರು ನನಗೆ ಒಂದು ಪೋಸ್ಟರ್ ಕಳಿಸಿದ್ದರು, ನಾನದನ್ನು ಬಿಚ್ಚಿಯೂ ನೋಡಿರಲಿಲ್ಲ. ಬೆಳಿಗ್ಗೆಯೇ ಚೌಡಕ್ಕನ ಫೋನು. ತನ್ನ ಚಾನಲನ್ನು ಕಿತ್ತುಹಾಕಿ ಯಾವುದನ್ನೋ ಹಾಕಿದ್ದೀಯ ಅಂತ ನನ್ನ ಮೇಲೆ ಹರಿಹಾಯ್ದಳು. ನಾನು ಮನೆಗೆ ಹೋಗಿ, ಹೆಸರು ಬದಲಾಗಿದೆ ಅಷ್ಟೇ, ಇದು ಅದೇ ಚಾನಲ್ ಅಂತ ವಿವರಿಸಿದೆ. ಅವಳು ಲಾಳಿ ನಿಲ್ಲಿಸಿದಳು. ಅದು ಅಪರೂಪ.

"ಮದ್ವೆ ಆದ್ ಎಣ್ಣಿಗೆ ಎಸ್ರು ಬದ್ಲಾಯಿಸ್ತಾರೆ. ದನಿ ಬದ್ಲಾಯಿಸ್ತಾರಾ?"

ಹೆಂಗಸಿನ ದನಿ ಹೋಗಿತ್ತು. ಆ ಜಾಗದಲ್ಲಿ ಒಬ್ಬ ಹುಡುಗ ಉತ್ಸಾಹದಿಂದ ಏನೋ ಕೂಗುತ್ತಿದ್ದ. ಇರಿ ಅಂತ ಮಾತ್ರ ಹೇಳುತ್ತಿರಲಿಲ್ಲ.

ಅವಳನ್ನು ಸಮಾಧಾನ ಮಾಡಲು ನಾನೊಂದು ಜಾಣತನ ಮಾಡಿದೆ. ನನ್ನದೇ ಒಂದು ಲೋಕಲ್ ಚಾನಲ್ ಇತ್ತು, ಮದುವೆ, ಸಾವು, ನೀರು ಬರುವ ಸಮಯ ಎಲ್ಲ ಅದರಲ್ಲಿ ಹಾಕುತ್ತಿದ್ದೆ. ಹಳೆಯ ಕ್ಯಾಸೆಟ್ಟೊಂದರಲ್ಲಿ ಆ ದನಿಯೂ ರಾಗವೂ ಸಿಕ್ಕಿತು. ಅದನ್ನು ನನ್ನ ಪ್ರಕಟಣೆಗಳ ನಡುವೆ ಸೇರಿಸಿ, ಅವಳ ಟೀವಿಯಲ್ಲಿ ಹಾಕಿಕೊಟ್ಟೆ. ಎರಡು ಸಲ ಕೇಳಿದಳು, ಉತ್ತರ ಕೊಡಲಿಲ್ಲ. ಮೂರನೆಯ ಸಲಕ್ಕೆ ಆರಿಸು ಅಂದಳು.

"ಒಂದ್ ವೇಷ್ಟಿ ಅಂಚ ಕತ್ರಿಸಿ ಇನ್ನೊಂದುಕ್ಕೆ ಒಲ್ದಂಗೈತೆ. ಅವ್ಳು ಅಲ್ಲಿಲ್ಲ ಕಣ್ಲಾ. ಎಲ್ಲವ್ಳೆ ಅಂತ ಕೇಳ್ಬುಡು. ಪಾವಂ, ಮೈಗೆ ಸರಿ ಇಲ್ವೇನೋ."

ಕೇಳಲೇಬೇಕಾಯಿತು. ಬೆಂಗಳೂರಿನ ಚಾನಲ್ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎತ್ತಿ ಹಾಕಿ ಕೊನೆಗೆ ಒಬ್ಬಾತ ಸಿಕ್ಕಿದ. ಆ ದನಿ ಹಳೆಯ ಪ್ಯಾಕೇಜಿಂಗ್, ಈಗ ಬ್ರ್ಯಾಂಡ್ ಹೊಸದಾಗಿದೆ ಸಾರ್, ಅಂದ. ಯಾರ ದನಿ, ಹೆಸರೇನು ಅಂದೆ. ಅವನಿಗೆ ಗೊತ್ತಿರಲಿಲ್ಲ. ಪಕ್ಕದವರನ್ನು ಕೇಳಿದ, ಅವರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಎಲ್ಲರಿಗೂ ಇರಿ ಇರಿ ಅಂದವಳ ಹೆಸರು ಆ ಕಟ್ಟಡದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇದನ್ನು ಚೌಡಕ್ಕನಿಗೆ ಹೇಗೆ ಹೇಳಲಿ? ಮನೆಯ ಬಾಗಿಲಲ್ಲಿ ನಿಂತಾಗ ಒಂದು ಸುಳ್ಳು ತಾನಾಗಿ ಬಾಯಿಗೆ ಬಂತು. ಆಕೆಯ ಮಗಳಿಗೆ ಮದುವೆಯಂತೆ, ರಜ ಹಾಕಿದ್ದಾಳಂತೆ ಅಂದುಬಿಟ್ಟೆ. ಚೌಡಕ್ಕನ ಮುಖ ಅರಳಿತು. ಹುಡುಗ ಯಾವ ಊರು ಅಂತ ಕೇಳಿದಳು, ಗೊತ್ತಿಲ್ಲ ಅಂದೆ. ಒಬ್ಬಳೇ ಎಲ್ಲ ಮಾಡಬೇಕಲ್ಲ, ಗಂಡ ಇಲ್ಲದವಳು, ದನಿಯಲ್ಲೇ ತಿಳಿಯುತ್ತದೆ ಅಂತ ಮರುಗಿದಳು. ಸುಳ್ಳು ಅಲ್ಲಿಗೆ ಮುಗಿಯಿತು ಅಂದುಕೊಂಡು ನಾನು ಹಗುರಾಗಿ ಹೊರಟೆ.

ಮೂರು ವಾರ ಕಳೆದು ನನ್ನನ್ನು ಕರೆದಳು. ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ವೇಷ್ಟಿ ಕೈಗಿಟ್ಟಳು. ಒಳಗೆ ಒಂದು ಅರಿಶಿನದ ಕೊಂಬು ಇತ್ತು.

"ಅಳಿಯಂಗೆ. ನೀನು ಚಾನಲ್ ಮನ್ಸ ಅಲ್ವಾ, ಕಳ್ಸ್ಬುಡು. ಸೇಲಂ ಚೌಡಿ ಕೊಟ್ಲು ಅಂದ್ರೆ ಅವ್ಳಿಗೆ ಗೊತ್ತಾಯ್ತದೆ."

ನಿಜ ಹೇಳಲು ಹೊರಟವನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಅವಳ ಮೊಣಕಾಲು ಊದಿಕೊಂಡಿತ್ತು. ಆ ಕಾಲಲ್ಲಿ ಮಗ್ಗದ ಹಲಗೆ ತುಳಿದು ನೇಯ್ದಿದ್ದಳು. ನಾನು ಗಂಟನ್ನು ಮನೆಗೆ ತಂದು ಬೀರುವಿನಲ್ಲಿಟ್ಟೆ. ತಲುಪಿತಾ ಅಂತ ಕೇಳಿದಾಗ ತಲುಪಿತು ಅಂದೆ.

ಅವಳು ಕಾದಳು. ಮದುವೆ ಮುಗಿಸಿ ಬರುತ್ತಾಳೆ ಅಂತ ಆ ಹುಡುಗನ ಕೂಗನ್ನೆಲ್ಲ ಸಹಿಸಿಕೊಂಡು ಅದೇ ಚಾನಲ್ ಹಾಕಿಕೊಂಡಿದ್ದಳು. ಜಾಹೀರಾತು ಬರುವ ಹೊತ್ತಿಗೆ ಲಾಳಿ ನಿಧಾನವಾಗುತ್ತಿತ್ತು, ಆಮೇಲೆ ಮತ್ತೆ ಓಡುತ್ತಿತ್ತು. ನಾನು ಆ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ನಾಚಿಕೆ ಅಂದರೆ ಅದೇ.

ಮೊಣಕಾಲು ಪೂರ್ತಿ ಕೈಕೊಟ್ಟ ಮೇಲೆ ಮುನಿಯಮ್ಮ ಬಂದು ಅಕ್ಕನನ್ನು ಧರ್ಮಪುರಿಗೆ ಕರೆದುಕೊಂಡು ಹೋದಳು. ಮಗ್ಗ ಬಿಚ್ಚಿದರು, ಗುಂಡಿಗೆ ಮಣ್ಣು ತುಂಬಿದರು. ಆಟೋ ಹತ್ತುವ ಮುಂಚೆ ಚೌಡಕ್ಕ ನನಗೆ ಹೇಳಿದ್ದು ಒಂದೇ.

"ಅವ್ಳು ಬಂದ್ರೆ, ಚೌಡಿ ಧರ್ಮಪುರೀಲವ್ಳೆ ಅಂತ ಯೋಳು."

ಆ ದಿನ ನನ್ನ ಕಂಪ್ಯೂಟರಿನಲ್ಲಿ ಅವಳ ಸೆಟ್‌ಟಾಪ್ ಬಾಕ್ಸಿನ ಕಾರ್ಡ್ ನಿಲ್ಲಿಸಿದೆ. ಬೀದಿಯಲ್ಲಿ ಆ ಚಾನಲ್ ನೋಡುವ ಮನೆ ಇನ್ನು ಒಂದೂ ಉಳಿಯಲಿಲ್ಲ.

ಪೊಂಗಲ್‌ಗೆ ಮನೆ ಗುಡಿಸುವಾಗ ನನ್ನ ಹೆಂಡತಿ ಬೀರುವಿನ ಗಂಟು ಬಿಚ್ಚಿ, ಇದು ಯಾರದು ಅಂದಳು. ಚೌಡಕ್ಕನದು, ಬೇಕಾದರೆ ಗುರುತು ನೋಡು ಅಂತ ವೇಷ್ಟಿಯನ್ನು ಪೂರ್ತಿ ಬಿಡಿಸಿದೆ. ಅಂಚಿನಲ್ಲಿ ಸಣ್ಣ ಸಣ್ಣ ತೆನೆಯ ಸಾಲು. ಮಾರುವ ಮಾಲಿಗೆ ಅವಳು ಎಂದೂ ಹಾಕದ ಅಂಚು ಅದು. ಕೊನೆಯ ತುದಿಗೆ ಬಂದೆ. ಕೆಂಪು, ಹಸಿರು, ಕೆಂಪು ಅಲ್ಲಿರಲಿಲ್ಲ. ಬಿಳಿ ಹಾಗೇ ಮುಗಿದಿತ್ತು. ಮನೆ ಜನಕ್ಕೆ ಗುರುತು ಯಾಕ್ಲಾ ಅಂದದ್ದು ನೆನಪಾಗಿ ನಾನು ಬೀರುವಿನ ಮುಂದೆಯೇ ಕೂತುಬಿಟ್ಟೆ.

ಹಬ್ಬ ಕಳೆದ ಮಾರನೆಯ ದಿನ ವೇಷ್ಟಿಯನ್ನು ಚೀಲದಲ್ಲಿಟ್ಟುಕೊಂಡು ಧರ್ಮಪುರಿಗೆ ಹೋದೆ. ಎಲ್ಲ ಹೇಳಿ, ಕಾಲು ಹಿಡಿದು, ಬಟ್ಟೆ ಹಿಂದಕ್ಕೆ ಕೊಡುವುದು ಅಂತ ತೀರ್ಮಾನ ಮಾಡಿದ್ದೆ. ಮುನಿಯಮ್ಮನ ಮನೆಯಲ್ಲಿ ಚೌಡಕ್ಕ ಕುರ್ಚಿಯ ಮೇಲೆ ಟೀವಿಗೆ ಎದುರಾಗಿ ಕೂತಿದ್ದಳು. ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು. ತಮಿಳಿನದೇನೋ ಓಡುತ್ತಿತ್ತು. ಅವಳ ಕಣ್ಣು ಅದರ ಮೇಲಿತ್ತು, ಕೈಗಳು ಮಡಿಲಲ್ಲಿ ಸುಮ್ಮನಿದ್ದವು. ನನ್ನ ಚಪ್ಪಲಿಯ ಸದ್ದಿಗೇ ಮಾದೇಸ ಬಂದ ಅಂದಳು.

ಬಹಳ ಹೊತ್ತು ಬೀದಿಯ ಸುದ್ದಿ ಕೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ಉಟ್ಕಂಡ್ನಾ ಅಳಿಯ?"

ಚೀಲ ನನ್ನ ತೊಡೆಯ ಮೇಲೇ ಇತ್ತು. "ಉಟ್ಕೊಂಡ, ಅಕ್ಕ" ಅಂದೆ.

"ಅಷ್ಟು ಸಾಕು. ಅವ್ಳು ಇನ್ನು ಬರಾಕಿಲ್ಲ ಬುಡು. ಮಗ್ಳ ಮನೆ ಸೇರ್ಕಂಡಿರ್ತಾಳೆ. ನಾನೂ ಇಲ್ಗೆ ಬಂದ್ನಲ್ಲ, ಅಂಗೆ."

ಕೂತಿರಲು ನನ್ನಿಂದ ಆಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ. ಚೌಡಕ್ಕ ನನ್ನ ಚೀಲದ ಹಿಡಿಯನ್ನು ಮೆಲ್ಲಗೆ ಹಿಡಿದುಕೊಂಡಳು.

"ಎಲ್ಲೂ ಓಗ್ಬ್ಯಾಡ ಮಾದೇಸ. ಇನ್ನೊಸಿ ವೊತ್ತು ಇರು."

ಧರ್ಮಪುರಿಯಿಂದ ಸೇಲಂಗೆ ಬಸ್ಸಿಗೇನು ಬರವೇ? ಒಂದು ಹೋದರೆ ಇನ್ನೊಂದು ನಿಂತಿರುತ್ತದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಕಡೇ ಬಸ್ಸು ಅಕ್ಕ, ಮುಂದಿನ ವಾರ ಬರ್ತೀನಿ ಅಂದೆ. ಹಿಡಿ ಬಿಟ್ಟಳು. ತೊಪ್ಪೂರು ಘಾಟಿಯಲ್ಲಿ ಬಸ್ಸು ಇಳಿಯುವಾಗ ಇನ್ನೂ ಬಿಸಿಲಿತ್ತು.

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರ, ಅಕ್ಕ ತೀರಿಕೊಂಡಳು ಅಂತ ಮುನಿಯಮ್ಮನ ಫೋನು ಬಂತು. ವೇಷ್ಟಿ ಈಗಲೂ ನನ್ನ ಬೀರುವಿನಲ್ಲಿದೆ. ಅವಳು ಇರು ಅಂದಾಗ ಹೇಳಬೇಕಾಗಿದ್ದ ಮಾತು ನನಗೆ ಗೊತ್ತಿತ್ತು, ವರ್ಷಗಟ್ಟಲೆ ಅವಳ ಬೆನ್ನ ಹಿಂದೆ ನಿಂತು ಕೇಳಿದ್ದೆ. ಇಲ್ಲೇ ಇದ್ದೀನಿ ಅಕ್ಕ ಅನ್ನಬಹುದಿತ್ತು. ಅನ್ನಲಿಲ್ಲ.