ನೆರವಿಗೆ ಹೋದ ಝಿಲ್ಫಕ್ಕ

ನಮ್ಮ ಓಹಾಯೋ ಕಾಡು ಕಡಿದು ನೆಲೆ ನಿಂತ ಮೊದಲ ಜನರ ಬಾಯಲ್ಲಿ ‘ನೆರವು’ ಎಂದರೆ ಮನುಷ್ಯರೇ. ‘ಅವರ ಮನೆಗೆ ನೆರವು ಹೋಗಿದೆ’ ಎಂದರೆ ಯಾರದೋ ಮಗಳು ಹೋಗಿದ್ದಾಳೆ ಎಂದರ್ಥ. ಮನೆಮಂದಿಯೆಲ್ಲ ನಡುಕಜ್ವರದಲ್ಲಿ ಮಲಗಿದ್ದರೆ ಅವಳು ಹಸು ಕರೆದು, ಜೋಳದ ರೊಟ್ಟಿ ಸುಟ್ಟು, ಅವರ ಜೊತೆಗೇ ಮೇಜಿಗೆ ಕೂತು ಉಣ್ಣುವಳು. ಅವಳನ್ನು ಆಳು ಎಂದು ಕರೆದು ನೋಡಬೇಕಿತ್ತು! ಟೋಪಿ ಕಟ್ಟಿಕೊಂಡು ಮನೆಗೆ ನಡೆದುಬಿಡುತ್ತಿದ್ದಳು, ಒಲೆಯ ಮೇಲಿದ್ದದ್ದು ಸೀದು ಕರಕಲಾದರೂ ಸರಿ.

ನಮ್ಮ ನೆರೆಮನೆಯ ಝಿಲ್ಫಕ್ಕ ಎಳೆ ಹುಡುಗಿಯಾಗಿದ್ದಾಗಲೇ ಹಾಗೆ ವೀಲಾಕ್ ಮನೆಗೆ ಹೋದವಳು. ಆ ಮನೆಯ ಮಗ ಆಲ್ವಿನ್ ಅವಳ ತೊಡೆಯ ಮೇಲೆ ಕೂತು ಉಂಡು ದೊಡ್ಡವನಾದ. ಮರದ ದಿಮ್ಮಿ ಸೀಳಿ ಮಾಡಿದ ಅವರ ಮೇಜಿನಲ್ಲಿ ಒಲೆಯ ಕಡೆಯ ತುದಿ ಅವಳದೇ ಜಾಗ.

ಈಗ ಆಲ್ವಿನ್‌ಗೆ ಮರ ಕೊಯ್ಯುವ ಗಿರಣಿ ಇದೆ. ಹಳೆಯ ದಿಮ್ಮಿ ಮನೆಯನ್ನು ಅಡುಗೆಮನೆ ಮಾಡಿಕೊಂಡು, ಅದರ ಮುಂದೆ ಬಣ್ಣ ಬಳಿದ ಹೊಸ ಮನೆ ಕಟ್ಟಿದ್ದಾನೆ. ಪಟ್ಟಣದ ಲವೀನಿಯಾಳನ್ನು ಮದುವೆಯಾದ. ಅವಳಿಗೆ ಹೆರಿಗೆಯಾಗಿ, ಕೂಸಿಗೆ ಜ್ವರ ಬಂದಾಗ, ಅಷ್ಟರಲ್ಲಿ ವಿಧವೆಯಾಗಿದ್ದ ಝಿಲ್ಫಕ್ಕನ ಬಾಗಿಲಿಗೆ ಆಲ್ವಿನ್ ಬಂದ. ‘‘ನೆರವಿಗೆ ಬರ್ತೀಯಾ ಅಕ್ಕ?’’

‘‘ಅದನ್ನೂ ಕೇಳ್ಬೇಕೇನೋ?’’ ಎಂದು ಆಕೆ ಹೊರಟೇಬಿಟ್ಟಳು.

ನೋಡಿ ಬರೋಣವೆಂದು ಒಂದು ಮಧ್ಯಾಹ್ನ ಹೋದೆ. ಝಿಲ್ಫಕ್ಕ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಒಳಗೆ ಗಂಡಹೆಂಡಿರ ಚಮಚದ ಸದ್ದು ಕೇಳುತ್ತಿತ್ತು.

‘‘ಇದೇನಕ್ಕ, ಇಲ್ಲಿ?’’

‘‘ಮೊದಲ ದಿನ ತಟ್ಟೆ ಹಿಡ್ಕೊಂಡು ಒಳಗೆ ಹೋದೆ. ‘ಈ ಊರಲ್ಲಿ ನೆರವಿನೋರು ಮೇಜಿಗೂ ಬರ್ತಾರಾ?’ ಅಂದ್ಲು ಆಯಮ್ಮ.’’

‘‘ಆಲ್ವಿನ್?’’

‘‘ತಟ್ಟೆ ನೋಡ್ತಿದ್ದ.’’

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ನೀರಿಗೆಂದು ಆಲ್ವಿನನೇ ಬಂದ. ‘‘ಏನೋ, ತುತ್ತು ತಿನ್ನಿಸಿದ ಕೈ ಮರೆತುಹೋಯ್ತಾ?’’ ಎಂದೆ.

‘‘ಮೆಲ್ಲಗೆ ಮಾತಾಡೇ. ಅವಳ ಊರಲ್ಲಿ ನೆರವು ಅಂದ್ರೆ ಅಡುಗೆಮನೆಯೋರು. ಈಗ ಇಲ್ಲೂ ಎಲ್ಲರೂ ಹಾಗೇ ಅಂತಾರೆ,’’ ಎಂದು ಹೂಜಿ ತುಂಬಿಕೊಂಡು ಹೋದ. ನಾಚಿಕೆಗೆಟ್ಟವನು!

‘‘ಏಳಕ್ಕ, ಟೋಪಿ ಕಟ್ಟು. ಹೋಗೋಣ.’’

ಝಿಲ್ಫಕ್ಕ ಮೇಜಿನ ಮೇಲೆ ಅಂಗೈ ಆಡಿಸಿದಳು. ಆಗ ಗುರುತು ಹತ್ತಿತು, ಅದೇ ಹಳೆಯ ಮೇಜು. ಹೊಸದು ಬಂದ ಮೇಲೆ ಇದನ್ನು ಇಲ್ಲೇ ಬಿಟ್ಟಿದ್ದರು. ಆಕೆ ಕೂತಿದ್ದದ್ದು ಒಲೆಯ ಕಡೆಯ ತುದಿಯಲ್ಲಿ.

‘‘ನಾನು ನನ್ನ ಜಾಗದಲ್ಲೇ ಕೂತಿದೀನಿ ಕಣೇ. ಎದ್ದು ಹೋದೋರು ಅವರು.’’

ಒಳಗೆ ಕೆಲಸದವರನ್ನು ಕರೆಯುವ ಕೈಗಂಟೆ ಸದ್ದಾಯಿತು. ಆಕೆ ಅರ್ಧ ರೊಟ್ಟಿ ಬಿಟ್ಟು ಎದ್ದಳು.

‘‘ಹೋಗ್ಬೇಡ!’’ ನಾನು ಅವಳ ಸೊಂಟದ ಏಪ್ರನ್ ಹಿಡಿದು ಜಗ್ಗಿದೆ.

‘‘ಬಿಡೇ. ಕೂಸಿನ ಮೈ ಕಾದಿದೆ. ಜ್ವರ ಇರೋ ಮನೆ ಬಿಟ್ಟು ನೆರವು ಎಲ್ಲಾದ್ರೂ ಹೋಗುತ್ತಾ?’’ ಎಂದು ಒಳಗೆ ನಡೆದಳು.

ಇಡೀ ಊರಿನಲ್ಲಿ ಆ ಮಾತಿಗೆ ಹಳೆಯ ಅರ್ಥ ಉಳಿದಿದ್ದದ್ದು ಅವಳೊಬ್ಬಳಲ್ಲಿ, ಅವಳನ್ನು ಕಟ್ಟಿಹಾಕಿದ್ದೂ ಅದೇ. ನಾನು ಆ ಅರ್ಧ ರೊಟ್ಟಿಯ ಎದುರು ಹಲ್ಲು ಕಚ್ಚಿ ಕೂತೆ. ಗಂಟೆ ಮತ್ತೆ ಸದ್ದಾಯಿತು.

‘‘ಬಂದೆ ಮಗಾ,’’ ಎಂದು ಒಳಗಿನಿಂದ ಗಂಟೆಗೆ ಓಗೊಟ್ಟಳು ಝಿಲ್ಫಕ್ಕ.