ಕನ್ನಡಕ ಅಜ್ಜಿಗೆ ಹೇಳಿದ್ದು

"ಆವಾಗಿಂದ ನಿನ್ ಕಿವೀಲಿ ಯಾರಪ್ಪಾ ಗುಸುಗುಸು ಅಂತಿರೋದು?"

ಈವತ್ತು ಚಿಂತಾಮಣಿ ಬಸ್ಸಿನಲ್ಲಿ ಕೊತ್ತಂಬರಿ ಸೊಪ್ಪಿನ ಗಂಟು ಹಿಡಿದು ಪಕ್ಕದಲ್ಲಿ ಕೂತ ಅಜ್ಜಿ ಕೇಳಿದರು.

"ನಂಗೆ ಕಣ್ಣು ಕಾಣ್ಸಲ್ಲ ಅಜ್ಜಿ. ಫೋನಲ್ಲಿರೋದನ್ನ ಈ ಕನ್ನಡಕ ಓದಿ ಹೇಳುತ್ತೆ. ನೀವೂ ಕೇಳಿ."

ನನ್ನ ಹೊಸ ಕಪ್ಪು ಕನ್ನಡಕವನ್ನು ಅವರಿಗೇ ಹಾಕಿ, ಫೋನಿನಲ್ಲಿ ಮೆಸೇಜು ತೆರೆದೆ.

"ಏನಂತು?"

"ಹೊಸ ಸಂದೇಶಗಳು ಇಲ್ವಂತೆ." ಕನ್ನಡಕ ನನ್ನ ಕೈಗೆ ಬಂತು. "ಅಷ್ಟು ಹೇಳಕ್ಕೆ ಇದ್ಯಾಕಪ್ಪಾ? ನನ್ ಡಬ್ಬಾ ಫೋನು ಸುಮ್ನಿದ್ದೇ ಹೇಳ್ತೈತೆ."

ಶಿಡ್ಲಘಟ್ಟದಲ್ಲಿ ಇಳಿಯುವಾಗ ನನ್ನ ಭುಜ ತಟ್ಟಿದರು. "ನಾಳೇನೂ ಇದೇ ಬಸ್ಸಿಗೆ ಬರ್ತೀನಿ. ಏನಾದ್ರೂ ಬಂದಿದ್ರೆ ಕೇಳ್ಸು."

ಗೆಳೆಯರೇ, ಅಜ್ಜಿ ನಾಳೆ ಖಂಡಿತ ಕೇಳುತ್ತಾರೆ. ಯಾರಾದರೂ 'ಊಟ ಆಯ್ತಾ' ಅಂತಾದರೂ ಹಾಕಿರಪ್ಪಾ, ನನ್ನ ಮಾನ ಉಳಿಯಲಿ.