ಸಿಡಿಲಿಗಿಂತ ಮೊದಲು ಕೂಗಿದಾಕಿ

ಸಿಂದಗಿ ಸೀಮೆಯಲ್ಲಿ ಮೋರಟಗಿಗೆ ಹೋಗುವ ದಾರಿಯ ಒಂದು ಸಣ್ಣ ಊರು. ಮೇ ತಿಂಗಳ ಒಂದು ಸಂಜೆ, ಬೇವಿನ ಗಿಡದ ಕೆಳಗೆ ಕುರಿ ನಿಲ್ಲಿಸಿಕೊಂಡಿದ್ದ ಸಿದ್ಧರಾಮ ಸಿಡಿಲು ಬಡಿದು ಸತ್ತ. ಮಣ್ಣಿಗೆ ಬಂದವರೆಲ್ಲ ಅವನ ಅಕ್ಕ ಭಾಗ್ಯಾಳಿಗೆ "ಹಣೇಬರಾ ತಂಗಿ" ಎಂದರು.

ದಿನಕರ್ಮ ಮುಗಿದ ಮೇಲೆ ಪಂಚಾಯಿತಿ ಕಚೇರಿಯ ಗುಮಾಸ್ತ ಪರಮಾನಂದ ಮಾತಾಡಿಸಲು ಬಂದ. ಚಹಾ ಕುಡಿಯುತ್ತ ಬಾಯಿ ಜಾರಿ ಹೇಳಿಬಿಟ್ಟ. "ಸಿಡಿಲ ಬೀಳತೈತಿ ಅಂತ ಅವತ್ತ ಮಧ್ಯಾಹ್ನನ ಕಚೇರಿ ಫೋನಿಗೆ ಸರಕಾರದ ಮೆಸೇಜ್ ಬಂದಿತ್ತವ್ವಾ. ಇತ್ತಿತ್ತಲಾಗ ದಿನಾ ಬರ್ತಾವ. ಯಾರ ನೋಡ್ತಾರ?"

ಭಾಗ್ಯಾ ಅವನ ಕೈಯಿಂದ ಚಹಾದ ಕಪ್ ಕಸಿದುಕೊಂಡಳು. "ನೋಡಿದ್ರ ನನ್ನ ತಮ್ಮ ಇರ್ತಿದ್ನಲ್ಲೋ! ಇನ್ನ ಮ್ಯಾಲೆ ಬಂದಕೂಡ್ಲೆ ನನಗ ಹೇಳಬೇಕು. ಹೇಳಲಿಲ್ಲಂದ್ರ ಕಚೇರಿ ಬಾಗಿಲದಾಗ ಕುಂಡ್ರತೇನಿ." ಅವನನ್ನು ಏಕವಚನದಲ್ಲಿ ಅವಳು ಕರೆದದ್ದು ಅದೇ ಮೊದಲು. ಅವನು ಹೆದರಿದ, ಹೇಳತೊಡಗಿದ.

ಆ ಸುದ್ದಿಯನ್ನು ಮೈಕಿನಲ್ಲಿ ಊರಿಗೆಲ್ಲ ಸಾರಿರಿ ಎಂದು ಭಾಗ್ಯಾ ಕೇಳಿಕೊಂಡಳು. ಗುಡಿಯ ಹಿರಿಯರು, ಹೆಂಗಸಿನ ಮಾತು ಕೇಳಿ ಮೈಕು ಹಚ್ಚುವುದಿಲ್ಲ ಎಂದರು. ಮಸೀದಿ ನೋಡಿಕೊಳ್ಳುವ ಅಬ್ದುಲಗನಿ ಮಾತ್ರ, "ನನ್ನ ಆಡೂ ಅಡವ್ಯಾಗ ಇರ್ತಾವ ಬೇ. ನೀ ಹೇಳು, ನಾ ಮಸೀದಿ ಮೈಕಿನ್ಯಾಗ ಒದರತೇನಿ" ಎಂದ.

ಮೊದಮೊದಲು ಒದರಿದಾಗ ಮೋಡ ಹಾಗೇ ಹಾದುಹೋಯಿತು. "ಸಿಡಿಲವ್ವ ಬಂದಳು" ಎಂದು ಕಟ್ಟೆಯ ಮೇಲಿನವರು ನಕ್ಕರು. ಭಾಗ್ಯಾಳ ಮೈ ಉರಿಯಿತು, ಆದರೆ ಬಾಯಿ ನಿಲ್ಲಲಿಲ್ಲ.

ಮರುವರ್ಷ ಬೇಸಿಗೆಯ ಕೊನೆಗೆ ಮತ್ತೆ ಸುದ್ದಿ ಬಂತು. ಅಬ್ದುಲಗನಿ ಒದರಿದ. ಒಬ್ಬ ಕುರಿಗಾರನೂ ಅಲುಗಲಿಲ್ಲ. ಪಡುವಣ ದಿಕ್ಕು ಕಪ್ಪಾಗುತ್ತಿತ್ತು. ಭಾಗ್ಯಾ ಸೀರೆ ಸಿಕ್ಕಿಸಿಕೊಂಡು ಅಡವಿಗೆ ಓಡಿದಳು. ಹುಣಸೆ ಗಿಡದ ಕೆಳಗೆ ಸೋಮನಿಂಗ ಕಂಬಳಿ ಹೊದ್ದು ಕೂತಿದ್ದ.

"ಏಳೋ!"

"ಮಳಿ ಬಂದ್ರ ಗಿಡದ ಬುಡಕ ಕುಂಡ್ರದ ಎಲ್ಲಿಗಿ ಹೋಗ್ಲಿ ಬೇ?"

ಅವಳು ಅವನದೇ ಬಡಿಗೆ ಕಸಿದುಕೊಂಡು ಬೆನ್ನಿಗೆ ಒಂದು ಕೊಟ್ಟಳು. ಬೈಯುತ್ತಲೇ ಎದ್ದ. ಅವನನ್ನು ಕಂಡು ಉಳಿದ ಕುರಿಗಾರರೂ ಹಿಂದೆ ಬಂದರು. ಸಮೀಪದಲ್ಲಿದ್ದ ಗಟ್ಟಿ ಕಟ್ಟಡವೆಂದರೆ ಮಕ್ಕಳು ಕಲಿಯುವ ಸಾಲಿ ಒಂದೇ. ಬೇಸಿಗೆಯ ಸೂಟಿ ಇತ್ತು, ಬಾಗಿಲಿಗೆ ಕೀಲಿ ಜಡಿದಿತ್ತು. ಭಾಗ್ಯಾ ಕಲ್ಲೆತ್ತಿ ಬಡಿದಳು, ಕೀಲಿ ಮುರಿಯುವವರೆಗೂ ಬಡಿದಳು. ಎಲ್ಲರೂ ಒಳಗೆ ನುಗ್ಗಿದ ಸ್ವಲ್ಪ ಹೊತ್ತಿಗೆ ಸಿಡಿಲು ಬಡಿದು ಹುಣಸೆ ಗಿಡ ಸೀಳಿಹೋಯಿತು. ಅಲ್ಲೇ ಉಳಿದಿದ್ದ ಸೋಮನಿಂಗನ ಕುರಿಗಳು ಸತ್ತವು. ಅವನು ಉಳಿದ.

ಮರುದಿನ ಊರ ಹಿರಿಯರು ಕೇಳಿದ್ದು ಕೀಲಿ ಮುರಿದವರಾರು ಎಂದು. ಸೋಮನಿಂಗ ಕೈಮುಗಿದ. "ದೇವರು ದೊಡ್ಡಾಂವ, ಉಳಿಸಿದ."

"ದೇವರು ಕೀಲಿ ಮುರದನೇನು?" ಭಾಗ್ಯಾ ಚೀರಿದಳು. "ನಾ ಮುರದೇನಿ! ಹೋದ ವರ್ಷ ಯಾರರ ಹಿಂಗ ಮುರದಿದ್ರ ನನ್ನ ಮನಿ ಕತ್ತಲ ಆಗತಿರಲಿಲ್ಲ."



ಈಗ ಸಾಲಿಯ ಇನ್ನೊಂದು ಕೀಲಿಕೈ ಅಬ್ದುಲಗನಿಯ ಮನೆಯಲ್ಲಿರುತ್ತದೆ. ಮೋಡ ಕಟ್ಟಿದರೆ ಗುಡಿಯ ಮೈಕಿನಲ್ಲೂ ಒದರುತ್ತಾರೆ. ಭಾಗ್ಯಾಳ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅವಳಿಗೂ ಅದು ಬೇಕಿಲ್ಲ. ಅಂದು ನಕ್ಕವರು ಕೂರುವ ಕಟ್ಟೆಯ ಮುಂದೆ ಹಾಯುವಾಗ ಅವಳು ಇನ್ನೂ ಯಾರನ್ನೂ ಮಾತಾಡಿಸುವುದಿಲ್ಲ.